ನೆಲವೇ ಡೊಂಕಾಗಿದ್ದರೆ?

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ಕಟ್ಟಿದ ಪುಣ್ಯಾತ್ಮ ಯಾರೋ, ಆ ನೆಲದ ಮೇಲೆ ಒಂದು ಸಲವಾದರೂ ರಸಮಟ್ಟ ಇಟ್ಟು ನೋಡಿದ್ದನೇ ಎಂದು ನನಗೆ ಅನುಮಾನ. ನೋಡುವ ಅಗತ್ಯವೇ ಅವನಿಗೆ ಕಂಡಿರಲಾರದು. ಹೇಳಿದವಳು ಹೆಂಗಸು, ಅಲ್ಲಿಗೆ ವಿಚಾರಣೆ ಮುಗಿಯಿತು. ನೆಲ ನಿಜವಾಗಿಯೂ ಡೊಂಕಾಗಿತ್ತೇ, ಹಾಗಿದ್ದರೆ ಅದನ್ನು ಹಾಕಿದ ಗಾರೆ ಕೆಲಸದವನು ಯಾರು, ಅವಳ ನಂತರ ಅದೇ ನೆಲದಲ್ಲಿ ಎಷ್ಟು ಜನ ಕಾಲು ಮುರಿದುಕೊಂಡರು, ಇದನ್ನೆಲ್ಲ ಕೇಳುವವರಿಲ್ಲ.

ಈ ಗಾದೆಗೆ ಈಗ ಹೊಸ ರಂಗಸ್ಥಳ ಸಿಕ್ಕಿದೆ. ಅದು ಮೋಟಾರು ಗಾಡಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮಂಥ ಊರಿನ ಪೇಟೆಬೀದಿಯಲ್ಲಿ ಹೆಂಗಸೊಬ್ಬಳು ಕಾರು ಓಡಿಸಿಕೊಂಡು ಬಂದರೆ ಅಂಗಡಿಯವರು ತಕ್ಕಡಿ ಬಿಟ್ಟು ಹೊರಗೆ ಬಂದು ನೋಡುತ್ತಿದ್ದರು. ಈಗ ಯಾರೂ ತಲೆ ಎತ್ತುವುದಿಲ್ಲ. ಮಕ್ಕಳನ್ನು ಟ್ಯೂಷನ್ನಿಗೆ ಬಿಡುವವರು, ಅತ್ತೆಯವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವವರು, ಮೂವತ್ತು ಕಿಲೋಮೀಟರ್ ದೂರದ ಕಚೇರಿಗೆ ದಿನವೂ ಹೋಗಿಬರುವವರು, ಎಲ್ಲರ ಕೈಯಲ್ಲೂ ಸ್ಟೀರಿಂಗೋ ಸ್ಕೂಟರಿನ ಹ್ಯಾಂಡಲೋ ಇದೆ. ಆದರೆ ಗಾಡಿ ನಡುರಸ್ತೆಯಲ್ಲಿ ನಿಂತುಹೋದಾಗ ಬರುವ ಮಾತು ಮಾತ್ರ ಬದಲಾಗಿಲ್ಲ. "ಕ್ಲಚ್ ಸರಿಯಾಗಿ ಬಿಡಲಿಲ್ಲ ನೀನು." "ಗೇರು ಬದಲಿಸಲು ಮರೆತಿರಬೇಕು." "ನಾನು ಓಡಿಸಿದಾಗ ಒಂದು ದಿನವೂ ನಿಂತಿಲ್ಲವಲ್ಲ?"

ನಮ್ಮ ಶಾಲೆಯಲ್ಲಿ ಗಣಿತ ಹೇಳುವ ಮೇಡಂ ಒಬ್ಬರ ಕಾರು ಒಂದೇ ವರ್ಷದಲ್ಲಿ ಮೂರು ಸಲ, ಓಡುತ್ತಿರುವಾಗಲೇ, ದೀಪ ಆರಿದಂತೆ ನಿಂತಿತು. ಮೂರನೆಯ ಸಲ ಹಿಂದೆ ಕಬ್ಬಿನ ಲಾರಿ ಇತ್ತು. ಶೋರೂಮಿಗೆ ಹೋದರೆ ಅಲ್ಲಿದ್ದ ಹುಡುಗ ಇವರ ಮಾತು ಮುಗಿಯುವ ಮೊದಲೇ ಇವರ ಯಜಮಾನರ ಕಡೆ ತಿರುಗಿ, "ಸಾರ್, ಮೇಡಂಗೆ ಡ್ರೈವಿಂಗ್ ಹೊಸದಾ?" ಎಂದನಂತೆ. ಮೇಡಂ ಹನ್ನೊಂದು ವರ್ಷದಿಂದ ಕಾರು ಓಡಿಸುತ್ತಿದ್ದಾರೆ. ಜಾಬ್ ಕಾರ್ಡಿನಲ್ಲಿ ಅವನು ಬರೆದದ್ದು ಎರಡೇ ಪದ: ಜನರಲ್ ಚೆಕಪ್. ಆ ಕಾರಿಗೆ ಏನಾಗಿತ್ತು ಎಂಬುದು ಇವತ್ತಿಗೂ ತಿಳಿದಿಲ್ಲ. ಯಾರೂ ಹುಡುಕಿದ್ದರೆ ತಾನೇ ತಿಳಿಯುವುದು? ಕಂಪನಿ ಯಾವುದೆಂಬುದು ಇಲ್ಲಿ ಬೇಡ. ಹುಡುಗನ ಮಾತನ್ನೂ ಬೇಕಾದರೆ ಬಿಟ್ಟುಬಿಡೋಣ. ನನ್ನ ಜಗಳ ಇರುವುದು ಕಾಗದದ ಮೇಲಿನ ಆ ಎರಡು ಪದದ ಜೊತೆಗೆ.

ಯಾಕೆ ಎಂದರೆ, ಒಂದು ಮಾದರಿಯ ಸಾವಿರಾರು ಗಾಡಿಗಳಲ್ಲಿ ಒಂದೇ ದೋಷ ಇದ್ದಾಗ ಅದು ಬಯಲಿಗೆ ಬರುವುದು ಇಂಥ ಕಾಗದಗಳು ಒಂದರ ಮೇಲೊಂದು ಸೇರಿದಾಗ. ಗುಲ್ಬರ್ಗದಲ್ಲೊಂದು, ಶಿರಸಿಯಲ್ಲೊಂದು, ಕೋಲಾರದಲ್ಲೊಂದು ಗಾಡಿ ನಿಂತರೆ ಆ ಮೂವರಿಗೂ ಪರಸ್ಪರ ಪರಿಚಯವಿಲ್ಲ. ಮೂವರ ದೂರನ್ನೂ ಪಕ್ಕಪಕ್ಕ ಇಟ್ಟು ನೋಡಬಲ್ಲವರು ಕಂಪನಿಯವರು ಮತ್ತು ಸರ್ಕಾರದವರು. ಹಾಗೆ ನೋಡಿ, ಇದು ತಯಾರಿಕೆಯ ದೋಷವೆಂದು ಒಪ್ಪಿ, ಮಾರಿದ ಗಾಡಿಗಳನ್ನೆಲ್ಲ ಕರೆಸಿ, ಕಾಸು ಪಡೆಯದೆ ಸರಿಮಾಡಿಕೊಡುವುದಕ್ಕೆ ರೀಕಾಲ್ ಎನ್ನುತ್ತಾರೆ. ಪತ್ರಿಕೆಗಳಲ್ಲಿ ಹಿಂಪಡೆತ ಎಂಬ ಪದವೂ ಬರುತ್ತದೆ. ಮೂರೂ ಕಡೆ 'ಜನರಲ್ ಚೆಕಪ್' ಎಂದು ಬರೆದಿದ್ದರೆ ಪಕ್ಕಪಕ್ಕ ಇಟ್ಟು ನೋಡಲು ಏನೂ ಇರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಮಗು ಶಾಲೆಗೆ ಬರಲಿಲ್ಲವೆಂದು ಯಾವ ಮೇಷ್ಟರು ಗಮನಿಸುತ್ತಾರೆ?

ಓಡಿಸುವವರನ್ನೇ ದೂರುವ ಈ ಚಾಳಿ ಎಲ್ಲಿಗೆ ಮುಟ್ಟಬಹುದು ಎನ್ನುವುದಕ್ಕೆ ಅಮೆರಿಕದ ಒಂದು ಪ್ರಕರಣವನ್ನು ನಮ್ಮ ಹೆಂಗಸರೆಲ್ಲ ತಿಳಿದಿರಬೇಕು. ಅಲ್ಲಿನ ದೊಡ್ಡ ಕಂಪನಿ ಜನರಲ್ ಮೋಟಾರ್ಸ್, ಷೆವರ್ಲೆ ಕೋಬಾಲ್ಟ್, ಸ್ಯಾಟರ್ನ್ ಅಯಾನ್ ಮುಂತಾದ ಸಣ್ಣ ಕಾರುಗಳನ್ನು ಮಾರುತ್ತಿತ್ತು. ಅವುಗಳಲ್ಲಿ ದೋಷ ಇದ್ದದ್ದು ಎಂಜಿನ್ನಿನ ಹೊಟ್ಟೆಯೊಳಗಲ್ಲ, ಅದನ್ನು ಚಾಲೂ ಮಾಡುವ ಕೀಲಿಯ ಸ್ವಿಚ್ಚಿನಲ್ಲಿ. ಸ್ವಿಚ್ಚಿನ ಹಿಡಿತ ಸಡಿಲ. ಕೀಲಿಗೊಂಚಲು ಭಾರವಾಗಿದ್ದರೆ, ಗಾಡಿ ಕುಲುಕಿದರೆ, ಮೊಣಕಾಲು ತಗುಲಿದರೆ ಸಾಕು, ಕೀಲಿ ತಾನಾಗಿ ಹಿಂದಕ್ಕೆ ತಿರುಗಿ ಓಡುತ್ತಿರುವ ಎಂಜಿನ್ ಆಫ್ ಆಗುತ್ತಿತ್ತು. ಎಂಜಿನ್ ಜೊತೆಗೆ ಸ್ಟೀರಿಂಗಿನ ಸಹಾಯಶಕ್ತಿಯೂ ಹೋಗುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಡಿಕ್ಕಿಯಾದಾಗ ಪ್ರಾಣ ಉಳಿಸಬೇಕಾದ ಏರ್‌ಬ್ಯಾಗೂ ಬಿಚ್ಚಿಕೊಳ್ಳುತ್ತಿರಲಿಲ್ಲ.

2004ರಲ್ಲಿ ಟೆಕ್ಸಾಸ್ ರಾಜ್ಯದ ಯುವತಿಯೊಬ್ಬಳು ಇಂಥ ಒಂದು ಕಾರು ಓಡಿಸುತ್ತಿದ್ದಳು. ಕಾರು ರಸ್ತೆ ಬಿಟ್ಟು ಮರಕ್ಕೆ ಬಡಿಯಿತು. ಪಕ್ಕದಲ್ಲಿ ಕುಳಿತಿದ್ದವನು, ಅವಳು ಮದುವೆಯಾಗಬೇಕಿದ್ದ ಹುಡುಗ, ಸತ್ತುಹೋದ. ಅವಳ ಮೇಲೆ ಮೊಕದ್ದಮೆ ಹೂಡಿದರು. ಏನಾಯಿತೆಂದು ಅವಳಿಗೇ ಅರ್ಥವಾಗಿರಲಿಲ್ಲ. ಕೊನೆಗೆ ತನ್ನ ಅಜಾಗರೂಕತೆಯಿಂದಲೇ ಅವನು ಸತ್ತನೆಂದು ತಪ್ಪೊಪ್ಪಿಕೊಂಡಳು. ಅದು ಕಾರಿನ ದೋಷವೆಂದು 2007ರ ಹೊತ್ತಿಗೇ ಕಂಪನಿಯ ಒಳಗೆ ತೀರ್ಮಾನವಾಗಿತ್ತು. ಅವಳಿಗೆ ಯಾರೂ ಹೇಳಲಿಲ್ಲ. 2014ರಲ್ಲಿ ನ್ಯಾಯಾಲಯ ಅವಳ ಮೇಲಿನ ಕಳಂಕವನ್ನು ತೊಡೆದುಹಾಕಿತು. ಅಷ್ಟರಲ್ಲಿ ಹತ್ತು ವರ್ಷ ಕಳೆದಿತ್ತು. ಹತ್ತು ವರ್ಷ ಒಬ್ಬ ಹೆಣ್ಣುಮಗಳು ತಾನು ಪ್ರೀತಿಸಿದವನನ್ನು ತಾನೇ ಕೊಂದೆನೆಂದು ನಂಬಿಕೊಂಡು ಬದುಕಿದಳು.

ಇನ್ನೊಬ್ಬಳು ಜಾರ್ಜಿಯಾ ರಾಜ್ಯದವಳು. ಓಡುತ್ತಿರುವಾಗ ಎಂಜಿನ್ ನಿಂತಿತೆಂದು ಡೀಲರ ಬಳಿಗೆ ಹೋದಳು. ಅವರು ಏನೋ ಶುಚಿ ಮಾಡಿ ಸರಿಯಾಯಿತೆಂದು ಕೊಟ್ಟರು. ಕಾರು ಕೈಗೆ ಬಂದ ಬೆನ್ನಿಗೇ, 2010ರ ಮಾರ್ಚಿನಲ್ಲಿ, ಅಪಘಾತದಲ್ಲಿ ಸತ್ತಳು. ತಂದೆ ತಾಯಿ ಸುಮ್ಮನಾಗಲಿಲ್ಲ. ಮಗಳು ಸರಿಯಾಗಿಯೇ ಓಡಿಸುತ್ತಿದ್ದಳೆಂಬ ಒಂದೇ ನಂಬಿಕೆಯಿಂದ ದಾವೆ ಹೂಡಿದರು. ಅವರ ಪರವಾಗಿ ಕೆಲಸ ಮಾಡಿದ ತಜ್ಞರೊಬ್ಬರು ಹಳೆಯ ಸ್ವಿಚ್ಚನ್ನೂ ಹೊಸ ಸ್ವಿಚ್ಚನ್ನೂ ಬಿಚ್ಚಿ ಪಕ್ಕಪಕ್ಕ ಇಟ್ಟರು. ಒಳಗಿನ ಭಾಗವನ್ನು ಕಂಪನಿ ಸದ್ದಿಲ್ಲದೆ ಬದಲಿಸಿತ್ತು. ಆದರೆ ಮೇಲಿನ ಸಂಖ್ಯೆಯನ್ನು ಬದಲಿಸಿರಲಿಲ್ಲ. ದೋಷ ಗೊತ್ತಿತ್ತು ಎನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೇ?

2014ರಲ್ಲಿ ಕಂಪನಿ ಸುಮಾರು 26 ಲಕ್ಷ ಕಾರುಗಳನ್ನು ಈ ಕಾರಣಕ್ಕೆ ಕರೆಸಿಕೊಂಡಿತು. ಪರಿಹಾರ ನಿಧಿಯವರು 124 ಸಾವುಗಳನ್ನು ಒಪ್ಪಿಕೊಂಡರು. 2015ರಲ್ಲಿ ಕಂಪನಿ 90 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ಸ್ವಿಚ್ಚನ್ನು ಸರಿಪಡಿಸುವ ಬಿಡಿಭಾಗದ ಬೆಲೆ 57 ಸೆಂಟ್, ಒಂದು ಡಾಲರೂ ಇಲ್ಲ ಎಂಬ ಮಾತು ಅಮೆರಿಕದ ಸಂಸತ್ತಿನ ವಿಚಾರಣೆಯಲ್ಲಿ ಬಂತು. ಕಂಪನಿಯೇ ಮಾಡಿಸಿದ ತನಿಖೆಯಲ್ಲಿ ಹೊರಬಿದ್ದ ಒಂದು ಸಂಗತಿಯಂತೂ ನನ್ನ ನಿದ್ದೆ ಕೆಡಿಸಿತು. ಓಡುವ ಕಾರಿನ ಎಂಜಿನ್ ನಿಲ್ಲುವುದನ್ನು ಅಲ್ಲಿನ ಎಂಜಿನಿಯರುಗಳು ವರ್ಷಗಟ್ಟಲೆ ಸುರಕ್ಷತೆಯ ಪ್ರಶ್ನೆ ಎಂದು ಗಣಿಸಲೇ ಇಲ್ಲವಂತೆ. 'ಗ್ರಾಹಕರ ಅನುಕೂಲ'ದ ಪ್ರಶ್ನೆ ಎಂದು ಪಕ್ಕಕ್ಕಿಟ್ಟಿದ್ದರಂತೆ. ಜನರಲ್ ಚೆಕಪ್ ಎಂಬ ನಮ್ಮ ಊರಿನ ಕಾಗದಕ್ಕೂ ಈ ಮಾತಿಗೂ ಏನು ವ್ಯತ್ಯಾಸ?

ಅಮೆರಿಕದ ಕಥೆ ನಮಗೇಕೆ ಎನ್ನಬೇಡಿ. ಎಂಜಿನ್ ನಿಲ್ಲಿಸುವ ದೋಷಗಳು ನಮ್ಮ ಮನೆಯಂಗಳಕ್ಕೂ ಬಂದಿವೆ. ಎಂಜಿನ್ನಿಗೆ ಬೇಕಾದದ್ದು ನಾಲ್ಕು: ಇಂಧನ, ಗಾಳಿ, ಕಿಡಿ, ಮತ್ತು ಕೀಲುಗಳಿಗೆ ಎಣ್ಣೆ. ಇವುಗಳಲ್ಲಿ ಒಂದು ತಪ್ಪಿದರೂ ಅದು ನಿಲ್ಲುತ್ತದೆ ಅಥವಾ ಕೆಡುತ್ತದೆ. ಇಂಧನವನ್ನೇ ತೆಗೆದುಕೊಳ್ಳಿ. ಸಂಪಿನ ನೀರನ್ನು ಮೋಟಾರು ಮೇಲಿನ ಟ್ಯಾಂಕಿಗೆ ಏರಿಸುವಂತೆ, ಕಾರಿನ ಪೆಟ್ರೋಲನ್ನು ಟ್ಯಾಂಕಿನಿಂದ ಎಂಜಿನ್ನಿಗೆ ತಳ್ಳಲು ಒಂದು ಸಣ್ಣ ಪಂಪು ಇರುತ್ತದೆ. ಅದರೊಳಗೆ ಪ್ಲಾಸ್ಟಿಕ್ಕಿನ ಪುಟ್ಟ ಚಕ್ರ. ಜಪಾನಿನ ಡೆನ್ಸೊ ಕಂಪನಿ ತಯಾರಿಸಿ ಹಲವು ಕಾರು ಕಂಪನಿಗಳಿಗೆ ಕೊಟ್ಟ ಪಂಪುಗಳಲ್ಲಿ ಈ ಚಕ್ರ ಇಂಧನವನ್ನು ಹೀರಿ ಊದಿಕೊಳ್ಳುತ್ತಿತ್ತು. ಮಳೆಗಾಲದಲ್ಲಿ ನಮ್ಮ ಬಚ್ಚಲುಮನೆಯ ಬಾಗಿಲು ಊದಿ ಚೌಕಟ್ಟಿಗೆ ಕಚ್ಚಿಕೊಳ್ಳುವುದಿಲ್ಲವೇ, ಹಾಗೆ. ಚಕ್ರ ಕಚ್ಚಿಕೊಂಡರೆ ಪಂಪು ನಿಂತಿತು, ಪಂಪು ನಿಂತರೆ ಎಂಜಿನ್ ನಿಂತಿತು. ಹೆಂಗಸು ಓಡಿಸಿದರೂ ನಿಲ್ಲುತ್ತದೆ, ಗಂಡಸು ಓಡಿಸಿದರೂ ನಿಲ್ಲುತ್ತದೆ.

ಹೋಂಡಾ ಕಂಪನಿ ಭಾರತದಲ್ಲಿ ಇಂಧನ ಪಂಪಿನ ಕಾರಣಕ್ಕೆ 2020ರ ಜೂನಿನಲ್ಲಿ 65,651, 2021ರ ಏಪ್ರಿಲಿನಲ್ಲಿ 77,954, ಮತ್ತೆ 2024ರ ಅಕ್ಟೋಬರಿನಲ್ಲಿ 90 ಸಾವಿರಕ್ಕೂ ಹೆಚ್ಚು ಕಾರುಗಳನ್ನು ಕರೆಸಿತು. ಮಾರುತಿ ಸುಜುಕಿ 2020ರ ಜುಲೈನಲ್ಲಿ ಪಂಪಿನ ದೋಷವಿರಬಹುದೆಂದು 1,34,885 ವ್ಯಾಗನ್-ಆರ್ ಮತ್ತು ಬಲೆನೊ ಕಾರುಗಳನ್ನು ಕರೆಸಿತು.

ಕಾರಿಲ್ಲದವರು ನಿಶ್ಚಿಂತೆಯಿಂದ ಪುಟ ತಿರುವಬೇಡಿ. 2024ರ ಜುಲೈನಲ್ಲಿ ಸುಜುಕಿ ಕಂಪನಿ ಆಕ್ಸೆಸ್, ಅವೆನಿಸ್, ಬರ್ಗ್‌ಮನ್ ಈ ಮೂರು ಸ್ಕೂಟರುಗಳನ್ನು, ಒಟ್ಟು 3,88,411 ಗಾಡಿಗಳನ್ನು, ಕರೆಸಿತು. ಪ್ಲಗ್ಗಿಗೆ ಕಿಡಿ ಒಯ್ಯುವ ವೈರು ಓಡುವಾಗ ಬಾಗಿ ಬಾಗಿ ಸೀಳಿ ತುಂಡಾಗಬಹುದು, ಆಗ ಎಂಜಿನ್ ನಿಲ್ಲಬಹುದು ಎಂಬುದು ಕಾರಣ. ಆ ಪೈಕಿ ಎರಡೂವರೆ ಲಕ್ಷಕ್ಕೂ ಹೆಚ್ಚು ಆಕ್ಸೆಸ್ ಸ್ಕೂಟರುಗಳು. ಆಕ್ಸೆಸ್ ಮೇಲೆ ನಮ್ಮ ಊರುಗಳಲ್ಲಿ ಯಾರು ಓಡಾಡುತ್ತಾರೆ, ನಾನು ಹೇಳಬೇಕಾಗಿಲ್ಲ. ಕರೆಸಿದ ವಿಷಯ ನಿಮಗೆ ಗೊತ್ತಿತ್ತೇ? ನಾನು ನಮ್ಮ ಸ್ಟಾಫ್ ರೂಮಿನಲ್ಲಿ ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ.

ಯಾಕೆ ಗೊತ್ತಿರುವುದಿಲ್ಲ ಎನ್ನುವುದಕ್ಕೆ ಕಾರಣಗಳಿವೆ. ಗಾಡಿ ಅವಳ ಹೆಸರಿನಲ್ಲಿದ್ದರೂ ಶೋರೂಮಿನಲ್ಲಿ ಬರೆಸಿರುವುದು ಗಂಡನ ಇಲ್ಲವೇ ಮಗನ ಫೋನ್ ನಂಬರು. ಕಂಪನಿಯ ಸಂದೇಶ ಅವನಿಗೆ ಹೋಗುತ್ತದೆ. ದಿನಕ್ಕೆ ಬರುವ ನೂರು ಜಾಹೀರಾತಿನ ನಡುವೆ ಅದೂ ಒಂದೆಂದು ಅವನು ಅಳಿಸಿಹಾಕುತ್ತಾನೆ. ಗಾಡಿ ಕೈಬದಲಾಗಿ ಬಂದದ್ದಾದರೆ ಸಂದೇಶ ಹೋಗುವುದು ಹಿಂದಿನ ಮಾಲೀಕನಿಗೆ. ಜೊತೆಗೆ ಕಂಪನಿಗಳಿಗೆ ರೀಕಾಲ್ ಎಂಬ ಪದವನ್ನು ಗಟ್ಟಿಯಾಗಿ ಉಚ್ಚರಿಸಲು ಸಂಕೋಚ. 'ಸರ್ವಿಸ್ ಅಭಿಯಾನ', 'ಮುನ್ನೆಚ್ಚರಿಕೆಯ ತಪಾಸಣೆ', 'ಉಚಿತ ಸುಧಾರಣೆ' ಎಂದೆಲ್ಲ ಹೆಸರಿಡುತ್ತಾರೆ. ಟಾಟಾ ನ್ಯಾನೊ ಕಾರುಗಳಿಗೆ ಬೆಂಕಿ ಹತ್ತಿದ ಸುದ್ದಿಗಳು ಬಂದ ಮೇಲೆ 2010ರಲ್ಲಿ ಕಂಪನಿ ಕಾರುಗಳಿಗೆ ಉಚಿತವಾಗಿ ಹೆಚ್ಚಿನ ರಕ್ಷಣಾ ಭಾಗಗಳನ್ನು ಹಾಕಿಕೊಡಲು ಮುಂದಾಯಿತು. ಹಾಗೆ ಮಾಡುತ್ತಲೇ ಇದು ರೀಕಾಲ್ ಅಲ್ಲ ಎಂದೂ ಹೇಳಿತು. ಮದ್ದು ಕೊಡುತ್ತೇವೆ, ರೋಗ ಇಲ್ಲ ಎಂದಂತಾಯಿತು! ಉಚಿತ ಸುಧಾರಣೆ ಎಂದರೆ ಪುರಸೊತ್ತಾದಾಗ ಹೋದರಾಯಿತು ಎನಿಸುತ್ತದೆ. ಎಂಜಿನ್ ದಾರಿಯಲ್ಲಿ ನಿಲ್ಲಬಹುದು ಎಂದರೆ ಇವತ್ತೇ ಹೋಗಬೇಕೆನಿಸುತ್ತದೆ. ಪದ ಮುಖ್ಯ ಎಂದು ಮಕ್ಕಳಿಗೆ ಸುಮ್ಮನೆ ಕಲಿಸುತ್ತೇವೆಯೇ?

ಕಂಪನಿಗಳು ತಾವಾಗಿಯೇ ಕರೆಸುತ್ತಿವೆಯಲ್ಲ, ಅವರನ್ನೇಕೆ ದೂರುತ್ತೀರಿ ಎಂದು ಕೇಳುವವರಿದ್ದಾರೆ. ತಾವಾಗಿ ಹೇಳಿಕೊಂಡವರು ಹೇಳದವರಿಗಿಂತ ಮೇಲು, ಒಪ್ಪಿದೆ. ರೀಕಾಲ್ ಮಾಡಿದ ಕಂಪನಿ ಕೆಟ್ಟದ್ದು, ಮಾಡದಿದ್ದದ್ದು ಒಳ್ಳೆಯದು ಎಂಬ ಲೆಕ್ಕವೂ ತಪ್ಪು. ಆದರೆ ಹೇಳುವುದು ಬಿಡುವುದು ಅವರ ಮರ್ಜಿಗೆ ಬಿಟ್ಟರೆ ಏನಾಗುತ್ತದೆಂಬುದಕ್ಕೆ ಇನ್ನೊಂದು ಉದಾಹರಣೆ ನೋಡಿ. ಹ್ಯುಂಡೈ ಮತ್ತು ಕಿಯಾ ಕಂಪನಿಗಳು ಅಮೆರಿಕದಲ್ಲಿ ಮಾರಿದ ಕೆಲವು ಕಾರುಗಳಲ್ಲಿ ಥೀಟಾ-2 ಎಂಬ ಎಂಜಿನ್ ಇತ್ತು. ಕಾರ್ಖಾನೆಯಲ್ಲಿ ಕೊರೆಯುವಾಗ ಉಳಿದ ಲೋಹದ ಚೂರುಗಳು ಎಣ್ಣೆಯ ದಾರಿಯನ್ನು ಕಟ್ಟುತ್ತಿದ್ದವು. ಎಣ್ಣೆ ಸಿಗದ ಬೇರಿಂಗುಗಳು ಸವೆದು ಎಂಜಿನ್ ಸೆಟೆದು ನಿಲ್ಲುತ್ತಿತ್ತು. 2015ರಲ್ಲಿ ಒಂದಿಷ್ಟು ಕಾರುಗಳನ್ನು ಕರೆಸಿದರು. ಅಷ್ಟು ಸಾಲದು, ಇನ್ನೂ ಇವೆ ಎಂದು ಕಂಪನಿಯ ಎಂಜಿನಿಯರ್ ಕಿಮ್ ಗ್ವಾಂಗ್-ಹೊ 2016ರಲ್ಲಿ ಅಮೆರಿಕದ ಸುರಕ್ಷತಾ ಇಲಾಖೆಗೆ ದಾಖಲೆ ಸಮೇತ ತಿಳಿಸಿದರು. ಅದೇ ವರ್ಷ ಕಂಪನಿ ಅವರನ್ನು ಕೆಲಸದಿಂದ ತೆಗೆದುಹಾಕಿತು. 2017ರಲ್ಲಿ ಇನ್ನೂ ಸುಮಾರು 12 ಲಕ್ಷ ಕಾರುಗಳನ್ನು ಕರೆಸಬೇಕಾಯಿತು. ತಡ ಮಾಡಿದ್ದಕ್ಕಾಗಿ 2020ರಲ್ಲಿ ಎರಡೂ ಕಂಪನಿಗಳು ಸೇರಿ 21 ಕೋಟಿ ಡಾಲರ್ ದಂಡದ ಒಪ್ಪಂದಕ್ಕೆ ಸಹಿ ಹಾಕಿದವು. 2021ರಲ್ಲಿ ಅಮೆರಿಕ ಸರ್ಕಾರ ಕಿಮ್ ಅವರಿಗೆ 2 ಕೋಟಿ 40 ಲಕ್ಷ ಡಾಲರಿಗೂ ಹೆಚ್ಚು ಬಹುಮಾನ ಕೊಟ್ಟಿತು. ನಿಜ ಹೇಳಿದವನಿಗೆ ಕಂಪನಿ ಕೊಟ್ಟದ್ದು ಏನು, ಕಾನೂನು ಕೊಟ್ಟದ್ದು ಏನು, ನೀವೇ ತೂಗಿ ನೋಡಿ.

ನಮ್ಮ ಕಾನೂನು ಎಲ್ಲಿದೆ? ಅಮೆರಿಕ 1966ರಲ್ಲೇ ವಾಹನ ಸುರಕ್ಷತೆಗೆ ಕಾಯ್ದೆ ಮಾಡಿತು. ನಮ್ಮಲ್ಲಿ 2012ರಲ್ಲಿ ವಾಹನ ತಯಾರಕರ ಸಂಘವಾದ ಸಿಯಾಮ್ ತಾನಾಗಿ ಒಂದು ನೀತಿ ಹಾಕಿಕೊಂಡಿತು. ಇಷ್ಟವಿದ್ದವರು ಪಾಲಿಸಬಹುದಾಗಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು 110-ಎ ಎಂಬ ಕಲಮನ್ನು ಸೇರಿಸಿದರು. ದೋಷವಿರುವ ಮಾದರಿಯನ್ನು ಕರೆಸಿಕೊಳ್ಳಿ ಎಂದು ಕೇಂದ್ರ ಸರ್ಕಾರ ಈಗ ಆದೇಶಿಸಬಹುದು. ಹಾಗೆ ಆದೇಶವಾದರೆ ಕಂಪನಿ ಪೂರ್ತಿ ಹಣ ಹಿಂತಿರುಗಿಸಬೇಕು, ಇಲ್ಲವೇ ಬೇರೆ ಗಾಡಿ ಕೊಡಬೇಕು, ಇಲ್ಲವೇ ಸರಿಮಾಡಿಕೊಡಬೇಕು. ಇದರ ನಿಯಮಗಳು ಜಾರಿಗೆ ಬಂದದ್ದು 2021ರ ಏಪ್ರಿಲ್ 1ರಿಂದ. ಕಾಯ್ದೆ ಬಂದದ್ದು ಒಳ್ಳೆಯದೇ. ಆದರೆ ಈ ಕೊಡದಲ್ಲಿ ಮೂರು ತೂತುಗಳಿವೆ.

ಒಂದನೆಯದು, ಎಣಿಕೆ. ಪರೀಕ್ಷಾ ಸಂಸ್ಥೆಗಳ ವರದಿಯಿಂದಲೂ ಸರ್ಕಾರ ಎಚ್ಚೆತ್ತುಕೊಳ್ಳಬಹುದಾದರೂ, ನಮ್ಮಂಥವರಿಗೆ ತೆರೆದಿರುವ ಬಾಗಿಲು ಮಾಲೀಕರ ದೂರು. ಗಾಡಿ ಎಷ್ಟು ಮಾರಾಟವಾಗಿದೆಯೋ ಅದಕ್ಕೆ ತಕ್ಕಂತೆ ಇಂತಿಷ್ಟು ದೂರುಗಳು ಸೇರಬೇಕು. ಈಗ ಗಣಿತ ಮೇಡಂ ಅವರ ಜಾಬ್ ಕಾರ್ಡನ್ನು ನೆನಪಿಸಿಕೊಳ್ಳಿ. ದೂರನ್ನು ಎಣಿಸುವ ಕಾನೂನು ಮಾಡಿ, ಹೆಂಗಸರ ದೂರನ್ನು ಎಣಿಕೆಗೆ ಮೊದಲೇ ಜರಡಿ ಹಿಡಿದು ಕೆಳಗೆ ಉದುರಿಸಿದರೆ ಆ ಸಂಖ್ಯೆ ತುಂಬುವುದು ಯಾವ ಕಾಲಕ್ಕೆ?

ಎರಡನೆಯದು, ವಯಸ್ಸು. ಈ ನಿಯಮ ಏಳು ವರ್ಷದೊಳಗಿನ ಗಾಡಿಗಳಿಗೆ ಮಾತ್ರ. ಬೆಂಗಳೂರಿನವರು ಹೊಸದಾಗಿ ಕೊಂಡು, ಐದಾರು ವರ್ಷ ಓಡಿಸಿ, ಬೇಸರ ಬಂದು ಮಾರಿದ ಕಾರು ನಮ್ಮ ಊರುಗಳಿಗೆ ಬರುತ್ತದೆ. ಇಲ್ಲಿ ಅದರ ಎರಡನೆಯ ಬದುಕು ಶುರುವಾಗುವ ಹೊತ್ತಿಗೆ ಕಾನೂನಿನ ಕಣ್ಣು ಮುಚ್ಚುತ್ತದೆ. ದೋಷಕ್ಕೆ ಇಂಥ ಪಂಚಾಂಗ ಇದೆಯೇ? 2024ರಲ್ಲಿ ಹೋಂಡಾ ಕರೆಸಿದ ಕಾರುಗಳು ಬಹುಪಾಲು 2017-18ರಲ್ಲಿ ತಯಾರಾದವು. ಕಂಪನಿ ತಾನಾಗಿ ಕರೆಸಿತು, ಸರಿ. ಇನ್ನು ಒಂದೆರಡು ವರ್ಷ ತಡವಾಗಿ ದೋಷ ಕಂಡಿದ್ದು ಕಂಪನಿಯೂ ಬಾಯಿ ಬಿಡದಿದ್ದರೆ ಆ ಮಾಲೀಕರು ಈ ನಿಯಮವನ್ನು ಹಿಡಿದು ಕೇಳುವಂತೆಯೂ ಇರಲಿಲ್ಲ.

ಮೂರನೆಯದು, ದಂಡ. ಸರ್ಕಾರವೇ ಆದೇಶಿಸಿ ಕರೆಸಬೇಕಾಗಿ ಬಂದಾಗ ನಿಯಮದಲ್ಲಿರುವ ದಂಡ ಗಾಡಿಗಳ ಸಂಖ್ಯೆಗೆ ತಕ್ಕಂತೆ 10 ಲಕ್ಷದಿಂದ 1 ಕೋಟಿ ರೂಪಾಯಿಯವರೆಗೆ. ಒಂದು ಕೋಟಿ ಎಂದರೆ ನಮಗೆ ತಲೆ ತಿರುಗುತ್ತದೆ. ಹತ್ತು ಲಕ್ಷದ ಕಾರು ಮಾರುವ ಕಂಪನಿಗೆ ಅದು ಹತ್ತು ಕಾರಿನ ಬೆಲೆ. ಲಕ್ಷ ಕಾರು ಮಾರಿದವನಿಗೆ ಹತ್ತು ಕಾರು ಯಾವ ಲೆಕ್ಕ?

ಇಷ್ಟೆಲ್ಲ ಹೇಳಿದೆನೆಂದು ನಿಂತ ಗಾಡಿಗಳೆಲ್ಲ ಕಂಪನಿಯ ಪಾಪವೇ ಎಂದು ನಾನು ವಾದಿಸುತ್ತಿಲ್ಲ. ಕಲಬೆರಕೆ ಪೆಟ್ರೋಲು, ಸತ್ತ ಬ್ಯಾಟರಿ, ವರ್ಷಗಟ್ಟಲೆ ಬದಲಿಸದ ಎಂಜಿನ್ ಆಯಿಲು, ಇವುಗಳಿಂದಲೂ ನಿಲ್ಲುತ್ತದೆ. ಹೊಸದಾಗಿ ಕಲಿತವರ ಕ್ಲಚ್ಚಿನಿಂದಲೂ ನಿಲ್ಲುತ್ತದೆ, ಅದು ಗಂಡಸಿನ ಕಾಲಾದರೂ ಸೈ. ಪರೀಕ್ಷೆ ಮಾಡಿ ಹಾಗೆಂದು ಬರೆದುಕೊಡಲಿ, ತಲೆಬಾಗುತ್ತೇವೆ. ಉತ್ತರ ಪತ್ರಿಕೆ ತೆರೆದೇ ನೋಡದೆ ಅಂಕ ಹಾಕುವ ಪದ್ಧತಿಯನ್ನು ನಾವು ಶಾಲೆಯಲ್ಲಿ ಒಪ್ಪುವುದಿಲ್ಲ, ಶೋರೂಮಿನಲ್ಲಿ ಯಾಕೆ ಒಪ್ಪಬೇಕು?

ರೀಕಾಲ್ ವಿಷಯ ಬಾಯಿಬಿಟ್ಟರೆ ಗಾಡಿಯ ಬೆಲೆ ಬೀಳುತ್ತದೆ, ಸುಮ್ಮನಿರು ಎನ್ನುವ ಯಜಮಾನರುಗಳೂ ಇದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೇ. ದೋಷ ಸರಿಪಡಿಸಿಕೊಂಡದ್ದಕ್ಕೆ ಕಾಗದವಿರುವ ಗಾಡಿಗೆ ಮರ್ಯಾದೆ ಹೆಚ್ಚು. ಅದನ್ನು ಬಚ್ಚಿಟ್ಟು ಇನ್ನೊಬ್ಬರ ಮನೆಗೆ ದಾಟಿಸಿದರೆ ಅಲ್ಲಿಯೂ ಸ್ಟೀರಿಂಗ್ ಹಿಡಿಯುವುದು ಯಾರದೋ ಮಗಳು.

ಇನ್ನು ನಾವು ಮಾಡಬೇಕಾದ್ದು. ಮೊದಲು ನಿಮ್ಮ ಗಾಡಿಯ ಚಾಸಿಸ್ ನಂಬರನ್ನು ಬರೆದಿಟ್ಟುಕೊಳ್ಳಿ. ಹದಿನೇಳು ಅಕ್ಷರ ಮತ್ತು ಅಂಕಿಗಳ ಈ ಸಂಖ್ಯೆ ಆರ್‌ಸಿಯಲ್ಲಿಯೂ ವಿಮೆಯ ಕಾಗದದಲ್ಲಿಯೂ ಇರುತ್ತದೆ. ಗ್ಯಾಸ್ ಪುಸ್ತಕ, ರೇಷನ್ ಕಾರ್ಡು ಇಡುವ ಜಾಗದಲ್ಲೇ ಅದೂ ಇರಲಿ. ಸರ್ವಿಸಿಗೆ ಹೋದಾಗಲೆಲ್ಲ, "ಈ ನಂಬರಿನ ಗಾಡಿಗೆ ಬಾಕಿ ಇರುವ ರೀಕಾಲ್ ಇದೆಯಾ, ನೋಡಿ ಹೇಳಿ" ಎಂದು ಬಾಯಿಬಿಟ್ಟು ಕೇಳಿ. ಹಲವು ಕಂಪನಿಗಳ ವೆಬ್‌ಸೈಟಿನಲ್ಲೂ ಈ ನಂಬರು ಹಾಕಿ ನೋಡಬಹುದು, ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಐದು ನಿಮಿಷದ ಕೆಲಸ. ಕಂಪನಿ ರೀಕಾಲ್ ಘೋಷಿಸಿ ಆ ಪಟ್ಟಿಯಲ್ಲಿ ನಿಮ್ಮ ಗಾಡಿಯ ನಂಬರಿದ್ದರೆ, ನೀವು ಎರಡನೆಯ ಮಾಲೀಕರಾದರೂ ಮೂರನೆಯವರಾದರೂ, ವಾರಂಟಿ ಮುಗಿದಿದ್ದರೂ, ಆ ಕೆಲಸ ಉಚಿತ. ಹಳೆಯ ಗಾಡಿ ಕೊಳ್ಳುವವರು ಹಣ ಕೊಡುವ ಮೊದಲೇ ಇದನ್ನು ವಿಚಾರಿಸಲಿ. ಕೊಂಡ ಮೇಲೆ ಶೋರೂಮಿನ ಪುಸ್ತಕದಲ್ಲಿ ತಮ್ಮ ಹೆಸರು, ತಮ್ಮ ಫೋನ್ ನಂಬರು ಬರೆಸಲಿ. ತಮ್ಮ ಫೋನ್ ನಂಬರು, ಗಮನಿಸಿ.

ಗಾಡಿ ಓಡುತ್ತಿರುವಾಗ ನಿಂತರೆ ಗಾಬರಿಯಾಗದೆ ನಾಲ್ಕೂ ಕಡೆ ಮಿನುಗುವ ದೀಪ ಹಾಕಿ ಎಡಕ್ಕೆ ಸರಿಯಿರಿ. ಕಾರಿನಲ್ಲಿ ಸ್ಟೀರಿಂಗ್ ಭಾರವಾಗಬಹುದು, ಎರಡೂ ಕೈಯಲ್ಲಿ ಬಲವಾಗಿ ತಿರುಗಿಸಿ. ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಬೇಡಿ. ಎಂಜಿನ್ ನಿಂತ ಮೇಲೆ ಬ್ರೇಕಿನ ಸಹಾಯಶಕ್ತಿ ಒಂದೆರಡು ಒತ್ತಿಗೆ ಮಾತ್ರ ಉಳಿದಿರುತ್ತದೆ. ಒಂದೇ ಸಲ ಸ್ಥಿರವಾಗಿ ಒತ್ತಿ ಹಿಡಿಯಿರಿ. ಕಾರು ಪೂರ್ತಿ ನಿಲ್ಲುವವರೆಗೆ ಕೀಲಿ ತೆಗೆಯಬೇಡಿ, ಸ್ಟೀರಿಂಗ್ ಬೀಗ ಬಿದ್ದೀತು.

ಮನೆಗೆ ಬಂದ ಮೇಲೆ ಒಂದು ಹಾಳೆಯಲ್ಲಿ ಬರೆಯಿರಿ: ದಿನಾಂಕ, ಸ್ಥಳ, ಎಷ್ಟು ವೇಗದಲ್ಲಿತ್ತು, ಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಆಗಿತ್ತು, ಯಾವ ದೀಪ ಹೊತ್ತಿತು, ಮತ್ತೆ ಹೇಗೆ ಚಾಲೂ ಆಯಿತು. ಶೋರೂಮಿನಲ್ಲಿ ಆ ಹಾಳೆ ಕೊಟ್ಟು, ಜಾಬ್ ಕಾರ್ಡಿನಲ್ಲಿ 'ಓಡುವಾಗ ಎಂಜಿನ್ ನಿಂತಿದೆ' ಎಂದೇ ಬರೆಸಿ. ಬರೆಯುವವರೆಗೆ ಕುರ್ಚಿ ಬಿಟ್ಟು ಏಳಬೇಡಿ. ಅವರು ನಿಮ್ಮ ಯಜಮಾನರ ಕಡೆ ತಿರುಗಿದರೆ, "ಓಡಿಸಿದವಳು ನಾನು, ನನ್ನನ್ನು ಕೇಳಿ" ಎನ್ನಿ. ಕೇಂದ್ರ ಸಾರಿಗೆ ಸಚಿವಾಲಯದ ವಾಹನ್ ತಾಣದಲ್ಲಿ ರೀಕಾಲ್ ದೂರು ದಾಖಲಿಸುವ ವ್ಯವಸ್ಥೆ ಇದೆ, ಅಲ್ಲಿಯೂ ದಾಖಲಿಸಿ. ಎಣಿಕೆಗೆ ಒಂದು ಕೂಡಲಿ. ಯಾರೂ ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷದ ವಸ್ತುವಿನಿಂದಾದ ಹಾನಿಗೆ ತಯಾರಕನೇ ಹೊಣೆ ಎಂಬ ಅಧ್ಯಾಯವಿದೆ. ಎರಡು ವರ್ಷದೊಳಗೆ ದೂರು ಕೊಡಬೇಕು, ವಕೀಲರಿಲ್ಲದೆಯೂ ಕೊಡಬಹುದು.

ಸರ್ಕಾರವನ್ನು ಕೇಳಬೇಕಾದ್ದನ್ನೂ ಕೇಳೋಣ. ಏಳು ವರ್ಷದ ಗೆರೆಯನ್ನು ಅಳಿಸಿ. ದಂಡವನ್ನು ಕಂಪನಿಗೆ ನೋಯುವಷ್ಟು ಏರಿಸಿ. ಗಾಡಿಯ ಹೆಸರು ವರ್ಗಾವಣೆಯಾಗುವಾಗ, ಹೊಗೆ ತಪಾಸಣೆ ಆಗುವಾಗ, ವಿಮೆ ನವೀಕರಿಸುವಾಗ ಬಾಕಿ ಇರುವ ರೀಕಾಲನ್ನು ಮಾಲೀಕರಿಗೆ ತಿಳಿಸಲೇಬೇಕೆಂದು ನಿಯಮ ಮಾಡಿ. ಅದನ್ನೂ ಆಯಾ ರಾಜ್ಯದ ಭಾಷೆಯಲ್ಲಿ, ಎಂಜಿನ್ ನಿಲ್ಲಬಹುದು, ಬೆಂಕಿ ಹತ್ತಬಹುದು ಎಂದು ನೇರವಾಗಿ ಬರೆದು ತಿಳಿಸಲಿ. ಗಾಡಿ ಮಾರುವಾಗ ನಮ್ಮ ಊರಿನ ಸಂತೆಗೂ ಬಂದು ಕನ್ನಡದಲ್ಲಿ ಮೈಕು ಕಟ್ಟುವವರಿಗೆ ಅಪಾಯ ತಿಳಿಸುವಾಗ ಮಾತ್ರ ಕನ್ನಡ ಮರೆತುಹೋಗುವುದೇಕೆ?

ಅದೆಲ್ಲ ಆಗುವವರೆಗೆ ಕಾಯಬೇಕಾಗಿಲ್ಲ. ಈ ಪುಟ ಮುಗಿಸಿ ಏಳುವಾಗ ಆರ್‌ಸಿ ಎಲ್ಲಿದೆ ಹುಡುಕಿ, ಆ ಹದಿನೇಳು ಅಕ್ಷರಗಳನ್ನು ಬರೆದುಕೊಳ್ಳಿ. ಪಕ್ಕದ ಮನೆಯವರ ಸ್ಕೂಟರಿನದನ್ನೂ ಬರೆದುಕೊಡಿ. ನಾಳೆ ಹತ್ತು ಗಂಟೆಗೆ ಶೋರೂಮಿನ ಬಾಗಿಲು ತೆಗೆಯುತ್ತಾರೆ.